ರುದ್ರಯ್ಯನವರಿಗೆ ಬಾರದ ಇಂಜಿನ್

ರುದ್ರಯ್ಯನವರು ಮೊಣಕೈಯಿಂದ ಆಶೀರ್ವಾದ ಮಾಡುತ್ತಿದ್ದರು. ಅವರದು ಜಂಗಮರ ಮನೆತನ, ಊರಿಗೆಲ್ಲ ಅಯ್ಯನವರು. ಎದುರಿಗೆ ಸಿಕ್ಕವರು ನಡುಬೀದಿಯಲ್ಲೇ ಬಗ್ಗಿ ಪಾದ ಮುಟ್ಟುತ್ತಿದ್ದರು. ಬಗ್ಗಿದ ತಲೆಯ ಮೇಲೆ ಕೈಯಿಡೋಣವೆಂದರೆ ಬೆರಳ ಸಂದಿಯಲ್ಲೆಲ್ಲ ಇಂಜಿನ್ನಿನ ಮಸಿ, ಗ್ರೀಸು. ಹಾಗಾಗಿ ಎರಡು ಅಂಗೈಗಳನ್ನೂ ಮೇಲಕ್ಕೆತ್ತಿ, ಮೊಣಕೈಯ ತುದಿಯನ್ನು ನೆತ್ತಿಗೆ ಮೆಲ್ಲಗೆ ತಾಗಿಸಿ "ಒಳ್ಳೇದಾಗ್ಲಿ" ಅನ್ನುತ್ತಿದ್ದರು. ಸೊಸೆಯಾಗಿ ಬಂದ ಹೊಸದರಲ್ಲಿ ಇದನ್ನು ಕಂಡು ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕು, ಅತ್ತೆಯವರಿಂದ ಬೈಸಿಕೊಂಡಿದ್ದೆ.

ಅದು ಮಹಾರಾಜರ ಕಾಲ, ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಶಿರಾ ಪೇಟೆಯ ಹಿಂಭಾಗದಲ್ಲಿ ಅವರದೊಂದು ತಗಡಿನ ಚಪ್ಪರವಿತ್ತು. ಮಧುಗಿರಿಯ ಹಿಟ್ಟಿನ ಗಿರಣಿಯ ಇಂಜಿನ್, ಹೊಸಕೋಟೆಯ ಕಡೆ ಕಡಲೆಕಾಯಿ ಸುಲಿಯುವ ಮಿಷನ್ನು ಓಡಿಸುವ ಇಂಜಿನ್, ಡೇರೆ ಸಿನಿಮಾದವರ ದೀಪದ ಇಂಜಿನ್, ಯಾವುದು ಕೆಟ್ಟರೂ ಗಾಡಿಯಲ್ಲಿ ಹೇರಿಕೊಂಡು ಅಲ್ಲಿಗೇ ತರುತ್ತಿದ್ದರು. ಆ ವಿದ್ಯೆ ಎಲ್ಲಿ ಕಲಿತರೆಂದು ಕೇಳಿದರೆ ಒಂದೊಂದು ಸಲ ಒಂದೊಂದು ಊರಿನ ಹೆಸರು ಹೇಳುತ್ತಿದ್ದರು. ಸೋಮವಾರ ಮಾತ್ರ ಮನೆತನದ ಕಟ್ಟಳೆ ಬಿಡದೆ ಭಿಕ್ಷಕ್ಕೆ ಹೊರಡುತ್ತಿದ್ದರು. ಆಗಲೂ ಜೋಳಿಗೆಯ ತಳದಲ್ಲಿ ಬೋಲ್ಟು, ನಟ್ಟು ಉಳಿದಿರುತ್ತಿದ್ದವು. ಅವರ ಹೆಂಡತಿ ರಾಗಿಹಿಟ್ಟು ಜರಡಿ ಹಿಡಿಯುವಾಗ ಕಬ್ಬಿಣ ಆರಿಸಬೇಕಾಗುತ್ತಿತ್ತಂತೆ.

ಕೆಟ್ಟ ಇಂಜಿನ್ ಮುಂದೆ ಕೂತರೆ ಅವರು ಮೊದಲು ಹೇಳುತ್ತಿದ್ದ ಮಾತು ಒಂದೇ: "ಸತ್ತಿಲ್ಲ ಕಣವ್ವ, ಮುನಿಸ್ಕೊಂಡೈತೆ." ತಮ್ಮ ಕೈಗೆ ಬಂದದ್ದು ಉಸಿರಾಡದೆ ವಾಪಸ್ ಹೋಗಿಲ್ಲವೆಂದು ಹತ್ತು ಜನರ ಮುಂದೆ ಹೇಳಿಕೊಳ್ಳಲು ಅವರಿಗೆ ಸಂಕೋಚವೇ ಇರಲಿಲ್ಲ. ಜಂಬದ ಮನುಷ್ಯ. ಆದರೆ ಆ ಜಂಬ ಯಾರನ್ನೂ ಚುಚ್ಚುವಂಥದ್ದಲ್ಲ, ಮೊದಲ ಮೊಮ್ಮಗನನ್ನು ಎತ್ತಿಕೊಂಡ ಅಜ್ಜನಿಗೆ ಇರುತ್ತದಲ್ಲ, ಅಂಥದ್ದು.

ನಮ್ಮ ಮಾವನವರು ಕೊರಟಗೆರೆಯ ಅಕ್ಕಿ ಗಿರಣಿಯಿಂದ ಒಂದು ಹಳೇ ಪೆಟ್ರೋಲ್ ಇಂಜಿನ್ ಕೊಂಡು ತಂದರು. ನಮ್ಮೂರು ಬುಕ್ಕಾಪಟ್ಟಣದ ದಾರಿಯಲ್ಲಿತ್ತು. ಬಾವಿಯಿಂದ ಎತ್ತುಗಳ ಕಪಿಲೆಯಲ್ಲಿ ನೀರು ಸೇದುತ್ತಿದ್ದ ನಮಗೆ ಇನ್ನು ಮೇಲೆ ಪಂಪು ಎಂದು ಊರಿಗೆಲ್ಲ ಸಾರಿದ್ದೂ ಆಯಿತು. ಗಾಡಿಯಿಂದ ಇಳಿಸಿದ್ದು ನೋಡಿದರೆ ಬರೀ ತುಕ್ಕು. ಇಂಜಿನ್ ತಣ್ಣಗಿರಲೆಂದು ನೀರು ತುಂಬುವ ತೊಟ್ಟಿಯಲ್ಲಿ ಕೋಳಿ ಕಾವಿಗೆ ಕೂತಿದ್ದ ಹುಲ್ಲು ಇನ್ನೂ ಹಾಗೇ ಇತ್ತು.

ರುದ್ರಯ್ಯನವರು ನಮ್ಮ ಮನೆಯಲ್ಲೇ ಉಳಿದು ಅದನ್ನು ರಿಪೇರಿ ಮಾಡಿದರು. ಅಂಟಿಕೊಂಡ ಪಿಸ್ಟನ್ನಿಗೆ ಸೀಮೆಎಣ್ಣೆ ಹುಯ್ದು ದಿನಗಟ್ಟಲೆ ಕಾದರು. ವಾಲ್ವಿಗೆ ಎಣ್ಣೆಯಲ್ಲಿ ಕಲಸಿದ ನುಣ್ಣನೆ ಪುಡಿ ಹಚ್ಚಿ, ಎರಡು ಅಂಗೈ ನಡುವೆ ಮಜ್ಜಿಗೆ ಕಡೆಯುವಂತೆ ತಿರುಗಿಸಿ ತಿರುಗಿಸಿ ಕೂರಿಸಿದರು. ಕಿಡಿ ಕೊಡುವ ಮ್ಯಾಗ್ನೆಟೋ ಪೆಟ್ಟಿಗೆಯೊಳಗೆ, ಕೂಡುತ್ತ ಬಿಡುತ್ತ ಇರುವ ಎರಡು ಸಣ್ಣ ಮೊನೆಗಳಿದ್ದವು. ನನ್ನಿಂದ ಹಳೇ ಸೀರೆಯ ಚೂರು ಕೇಳಿ ತೆಗೆದುಕೊಂಡು, ಅವುಗಳ ನಡುವೆ ತೂರಿಸಿ ಒರೆಸುತ್ತ ಹೇಳಿದರು: "ಇಲ್ಲಿ ಮಸಿ ಕುಂತ್ರೆ ಇಡೀ ಇಂಜಿನ್ನೇ ಕುಂತ್ಬುಡ್ತದೆ. ಒಂದು ಅರಿವೆ ಚೂರಿದ್ರೆ ಸಾಕು ಕಣವ್ವ, ನೀನೂ ಮಾಡ್ಬೋದು." ಆಮೇಲೆ ಕಿಡಿ ಬರುತ್ತದೋ ನೋಡಲು ವೈರಿನ ತುದಿಯನ್ನು ಮಾವನವರ ಕೈಗೆ ಕೊಟ್ಟು ಚಕ್ರ ತಿರುಗಿಸಿದರು. ಮಾವನವರು ಎಗರಿ ಸಗಣಿ ಗುಡ್ಡೆಯ ಮೇಲೆ ಕೂತರು. "ಬತ್ತೈತೆ ಬುಡಿ" ಎಂದು ಅಯ್ಯನವರು ಮುಂದಿನ ಕೆಲಸಕ್ಕೆ ಕೈಹಾಕಿದರು.

ಇಂಜಿನ್ ಓಡಿದ ದಿನ ಊರೇ ಬಾವಿಯ ಹತ್ತಿರ ನೆರೆದಿತ್ತು. ಅಯ್ಯನವರು ಚಕ್ರಕ್ಕೆ ವಿಭೂತಿ ಬಳಿದು ಹ್ಯಾಂಡಲ್ ತಿರುಗಿಸಿದರು. ಅದು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ಕೊಳವೆಯಿಂದ ಬಂದ ನೀರು ಕಾಲುವೆಯ ಎರಡೂ ಬದುವನ್ನು ಮೀರಿ ಹರಿಯಿತು. ತೆಂಗಿನಕಾಯಿ ತಂದು ಒಡೆದವರು ನಮ್ಮ ಚಿಕ್ಕಮಾವನವರು, ಅಂದರೆ ಮಾವನವರ ತಮ್ಮ. ಮನೆಗಳು ಬೇರೆಯಾಗಿದ್ದರೂ ಬಾವಿ ಒಂದೇ. ಒಂದು ದಿನ ಅಣ್ಣನ ಸರದಿ, ಮಾರನೆ ದಿನ ತಮ್ಮನದು. ಅವರ ಅಪ್ಪ ಮಾಡಿಟ್ಟ ಈ ಕಟ್ಟಳೆಗೆ ಅಲ್ಲಿಯವರೆಗೆ ಒಂದು ದಿನವೂ ತಕರಾರು ಬಂದಿರಲಿಲ್ಲ. ಅಣ್ಣನ ಇಂಜಿನ್ ನೋಡಿ ಆ ಮನುಷ್ಯ ತನ್ನದೇ ಎಂಬಂತೆ ಹಿಗ್ಗಿದರು.

ಮಧ್ಯಾಹ್ನ ದಾಟುವಷ್ಟರಲ್ಲಿ ಪಂಪು ಗೊರಗೊರ ಎಂದಿತು. ಬಾವಿಯಲ್ಲಿ ನೀರು ಮುಗಿದಿತ್ತು. ನಮ್ಮ ಹೊಲದಲ್ಲಿ ಕಾಲಿಟ್ಟರೆ ಹುಗಿಯುತ್ತಿತ್ತು. ಅಯ್ಯನವರು ಸಂಜೆಯವರೆಗೂ ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ಕೋಳಿಗೂಡಿನ ಕತೆ ಹೇಳಿದರು.

ಮಾರನೆ ದಿನ ಚಿಕ್ಕಮಾವನವರು ಎಂದಿನಂತೆ ಎತ್ತು ಹೂಡಿದರು. ಅವರ ರಾಗಿ ತೆನೆ ಬಿಡುವ ಹೊತ್ತು, ಆ ವಾರ ನೀರು ತಪ್ಪಿದರೆ ಜೊಳ್ಳು. ಕಪಿಲೆಯ ಬಾನಿ ಇಳಿಯಿತು, ಏರಿತು, ಮಗುಚಿತು. ಕಾಲುವೆಗೆ ಬಿದ್ದದ್ದು ಕೆಸರು. ಮತ್ತೆ ಇಳಿಸಿದರು, ಮತ್ತೆ ಕೆಸರು. ಅವರು ಯಾರನ್ನೂ ಬಯ್ಯಲಿಲ್ಲ. ಸಾಮಾನು ಕಟ್ಟಿಕೊಂಡು ಊರಿಗೆ ಹೊರಟಿದ್ದ ಅಯ್ಯನವರು ಬಾವಿಯ ಹತ್ತಿರ ನಿಂತುಬಿಟ್ಟರು. ನಾನು ಬುತ್ತಿ ತಂದಿದ್ದೆ.

"ಅಯ್ನೋರೆ, ಇಂಜಿನ್ ಬಲು ಚೆನ್ನಾಗಿ ಮಾಡಿದೀರಿ" ಎಂದರು ಚಿಕ್ಕಮಾವನವರು. ಅದರಲ್ಲಿ ಕೊಂಕು ಎಳ್ಳಷ್ಟೂ ಇರಲಿಲ್ಲ. ಅದಕ್ಕೇ ಅಯ್ಯನವರ ಮುಖ ಬಾಡಿದ್ದು.

ಅಲ್ಲಿಂದ ನೇರ ಮಾವನವರ ಹತ್ತಿರ ಬಂದರು. "ಗೌಡ್ರೆ, ನಿಮ್ ಸರದೀಲಿ ಅರ್ಧ ಹೊತ್ತು ಓಡ್ಸಿ ಸಾಕು. ಅಡೀಲಿ ಒಸಿ ನೀರು ಬುಡಿ."

"ಸರದಿ ಅಂದ್ರೆ ದಿನ ಅಯ್ನೋರೆ, ಬಾನಿ ಲೆಕ್ಕ ಅಲ್ಲ. ನನ್ ದಿನ ನಾನು ಎಷ್ಟಾದ್ರೂ ಸೇದ್ಕೊಂತೀನಿ. ಅವನ ದಿನಕ್ಕೆ ನಾನು ಕೈ ಹಾಕಿದೀನಾ?"

ಊರ ಹಿರಿಯರನ್ನು ಕೂರಿಸಿ ಕೇಳಿದ್ದಾಯಿತು. ಅವರೂ ಕಟ್ಟಳೆ ಇರುವುದು ಹಾಗೇ ಎಂದರು. ತಪ್ಪೆಂದು ತೋರಿಸಲು ಯಾರ ಕೈಗೂ ಏನೂ ಸಿಗಲಿಲ್ಲ. ಆ ಮಧ್ಯಾಹ್ನ ಎಲೆ ಹಾಕಿ ಕರೆದರೆ ಅಯ್ಯನವರು ಹೊಟ್ಟೆ ಸರಿಯಿಲ್ಲವೆಂದರು. ಜಂಗಮರು ಉಣ್ಣದೆ ಹೋಗುವುದೆಂದರೆ ಮನೆಗೆ ಎಂಥ ಮಾತು! ನಾನು ಹಿತ್ತಲ ಬಾಗಿಲಿಗೆ ಓಡಿ, ಒಂದು ಲೋಟ ಮಜ್ಜಿಗೆಯಾದರೂ ಕುಡಿಯಿರಿ ಎಂದೆ.

"ಬ್ಯಾಡ ಕಣವ್ವ. ನಾಚ್ಕೆ ಆಯ್ತದೆ. ನಿಮ್ ಚಿಕ್ಕಮಾವ ನಂಗೆ ಬೈದಿದ್ರೆ ಉಣ್ತಿದ್ದೆ."

ಚಿಕ್ಕಮಾವನವರ ರಾಗಿ ಜೊಳ್ಳಾಯಿತು. ನಮ್ಮ ಕಣ ತುಂಬಿತು. ನನ್ನ ಬಾಣಂತನ ಮಾಡಿದವರು ಚಿಕ್ಕತ್ತೆ, ಚಿಕ್ಕಮಾವನವರ ಹೆಂಡತಿ. ಅವರ ಮನೆಯ ಮುಂದೆಯೇ ರಾಗಿ ಚೀಲದ ಗಾಡಿ ಹೋಗಬೇಕು. ಅದರ ಹಿಂದೆ ನಡೆಯುವಾಗ ನಾನು ಎಳೆದುಕೊಂಡ ಸೆರಗು ಬಿಸಿಲಿಗಲ್ಲ. ಚಿಕ್ಕತ್ತೆ ಮಾತ್ರ ಬಾಗಿಲಲ್ಲಿ ನಿಂತು "ತೂಕ ಚೆನ್ನಾಗೈತಾ?" ಎಂದು ಕೇಳಿದರು. ನಾನು ಗಾಡಿಯ ಆಚೆ ಮಗ್ಗುಲಿಗೆ ಸರಿದೆ.

ಮರು ವರ್ಷ, ಸರಿಯಾಗಿ ಪೈರಿಗೆ ನೀರು ಬೇಕಾದಾಗ, ಇಂಜಿನ್ ನಿಂತುಹೋಯಿತು. ಮಾವನವರು ಗಾಡಿ ಕಳಿಸಿದರು. ಅಯ್ಯನವರು ಬಂದರು. ಕೆಟ್ಟ ಇಂಜಿನ್ ಇದೆಯೆಂದರೆ ಅವರಿಗೆ ಬಾರದಿರಲು ಆಗುತ್ತಿರಲಿಲ್ಲ. ಹಿಂದಿನ ಸಲದ ಆಸೆಗೆ ಜನ ಮತ್ತೆ ನೆರೆದರು. ಅಯ್ಯನವರು ಒಂದೊಂದೇ ಭಾಗ ನೋಡುತ್ತ ಮ್ಯಾಗ್ನೆಟೋ ಪೆಟ್ಟಿಗೆ ಬಿಚ್ಚಿದರು. ಆ ಮೊನೆಗಳ ಮೇಲೆ ಮಸಿ ಕೂತಿದ್ದು ನಾನು ನಿಂತಲ್ಲಿಗೇ ಕಾಣುತ್ತಿತ್ತು. ನಾನೇನೋ ದೊಡ್ಡ ಜಾಣೆಯಂತೆ ಸೀರೆಯ ಚೂರು ಹರಿದು ಚಾಚಿದೆ.

ಅವರು ಅದನ್ನು ತೆಗೆದುಕೊಂಡರು. ಬಾವಿಯ ಆಚೆ ದಡದಲ್ಲಿ ಚಿಕ್ಕಮಾವನವರು ನಿಂತಿದ್ದರು. ಅಯ್ಯನವರು ಒಂದು ಸಲ ಅತ್ತ ನೋಡಿದರು, ಆಮೇಲೆ ನನ್ನನ್ನು. ಆ ಚೂರಿನಿಂದ ತಮ್ಮ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, ಪೆಟ್ಟಿಗೆಯ ಮುಚ್ಚಳ ಹಾಕಿಬಿಟ್ಟರು.

"ನಂಗೆ ಬರಲ್ಲ ಗೌಡ್ರೆ. ಇದು ಸತ್ತೈತೆ."

ಯಾರೋ ಕಿಸಕ್ಕೆಂದರು. "ಮುನಿಸ್ಕೊಂಡೈತೆ ಅನ್ನಿ ಅಯ್ನೋರೆ" ಎಂದ ಒಬ್ಬ. "ಬಸ್ಮ ಒಸಿ ಜಾಸ್ತಿ ಬಳೀರಿ" ಎಂದ ಇನ್ನೊಬ್ಬ. ನಗುವವರಲ್ಲಿ ಚಿಕ್ಕಮಾವನವರೂ ಇದ್ದರು. ಅಯ್ಯನವರ ಕಿವಿ ಕೆಂಪಗಾದವು. ಚೀಲ ಹೆಗಲಿಗೇರಿಸಿ, ಗಾಡಿಯನ್ನೂ ಕೇಳದೆ, ಶಿರಾ ದಾರಿ ಹಿಡಿದು ನಡೆದೇ ಹೋದರು. ರುದ್ರಯ್ಯನವರೇ ಸತ್ತಿದೆ ಎಂದ ಮೇಲೆ ಬೇರೆ ಮೆಕಾನಿಕ್ ಕರೆಸುವ ಮಾತೇ ಬರಲಿಲ್ಲ. ಮಾವನವರು ಇಂಜಿನ್ನನ್ನು ಕೊಟ್ಟಿಗೆಗೆ ಎಳೆಸಿ ಗೋಣಿ ಹೊದಿಸಿದರು. ಎತ್ತುಗಳು ಮತ್ತೆ ಕಪಿಲೆಗೆ ಬಂದವು. ಆ ವರ್ಷ ಎರಡೂ ಮನೆಗೆ ಸಾಧಾರಣ ಬೆಳೆ ಆಯಿತು.

ಆದರೆ ಸುದ್ದಿ ಗಾಡಿಗಿಂತ ಮುಂದೆ ಹೋಯಿತು. ಮಧುಗಿರಿಯ ಗಿರಣಿಯವರು ಇಂಜಿನ್ನನ್ನು ತುಮಕೂರಿಗೆ ಕಳಿಸತೊಡಗಿದರು. ಹೊಸಕೋಟೆಯವರೂ ಹಾಗೇ ಮಾಡಿದರು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಯುದ್ಧ ನಡೆಯುತ್ತಿದ್ದಾಗ. ಚಿಕ್ಕತ್ತೆಯೂ ನಾನೂ ಶಿರಾ ಸಂತೆಗೆ ಹೋಗಿದ್ದೆವು. ಚಪ್ಪರದಲ್ಲಿ ಒಂದು ಇಂಜಿನ್ನೂ ಇರಲಿಲ್ಲ. ಅಯ್ಯನವರು ಸ್ಟೌವ್, ಲಾಟೀನು, ಗ್ಯಾಸ್‌ಲೈಟು ಹರಡಿಕೊಂಡು ಕೂತಿದ್ದರು. ಚಿಕ್ಕತ್ತೆ ಹತ್ತಿರ ಹೋಗಿ, ಮರುಕದಿಂದಲೇ, "ಎಲ್ಲಾ ಇಂಜಿನ್ ಬತ್ತಿತ್ತು ನಿಮ್ಗೆ, ನಮ್ ಬಾವಂದೊಂದು ಬರ್ಲಿಲ್ಲ ನೋಡಿ ಅಯ್ನೋರೆ" ಎಂದರು.

"ಹೂಂ ಕಣವ್ವ, ಬರ್ಲಿಲ್ಲ." ತಲೆಯೆತ್ತದೆ ಸ್ಟೌವಿನ ಪಿನ್ನು ನೋಡುತ್ತ ಕೇಳಿದರು. "ಬಾವೀಲಿ ನೀರು ಹೆಂಗೈತೆ?"

"ಐತೆ. ಬೆಳಗಾದ್ರೆ ಸೊಂಟದಷ್ಟು ನಿಂತಿರ್ತದೆ."

ಅವರು ಹೂಂ ಎಂದರು. ನಾನು ಅವರ ಮುಖ ನೋಡಲಾರದೆ ಲಾಟೀನಿನ ಗಾಜುಗಳನ್ನು ನೋಡುತ್ತಿದ್ದೆ. ಮಾರನೆ ವರ್ಷವೇ ಅವರು ತೀರಿಕೊಂಡರೆಂದು ಕೇಳಿದೆ.

ಆ ದಿನ ಸಂತೆಯಿಂದ ವಾಪಸ್ ಬರುವಾಗ ಚಿಕ್ಕತ್ತೆ ತಲೆಯ ಮೇಲಿನ ಮಂಕರಿ ಸರಿಮಾಡಿಕೊಂಡು, "ಕೆಲ್ಸ ಪೂರ್ತಿ ಬರ್ದಿದ್ರೂ ಜನ ಎಷ್ಟು ಹೆಸ್ರು ಕೊಟ್ಬುಟ್ಟಿದ್ರು ಅವ್ರಿಗೆ, ಅಲ್ವೇನೆ?" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚಿಕ್ಕತ್ತೆಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ನಿಜ ಹೇಳಿದರೆ ಅದು ಮಾವನವರ ಕಿವಿಗೆ ಬೀಳುತ್ತಿತ್ತು, ಇಂಜಿನ್ ಇನ್ನೂ ಕೊಟ್ಟಿಗೆಯಲ್ಲಿತ್ತು, ಅದಕ್ಕೆ ಬೇಕಾದದ್ದು ಒಂದು ಅರಿವೆ ಚೂರು. ನಾನು ಹೌದು ಚಿಕ್ಕತ್ತೆ ಎಂದೆ.