ಒಂಬತ್ತು ಸಲ ಕೇದಾರಕ್ಕೆ ಹೋದ ಕೋಟು

ದಾವಣಗೆರೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಉಣ್ಣೆಯ ಕಾಲುಚೀಲ ಕೇಳಿದವರನ್ನು ಅಂಗಡಿಯವರು ಹೇಗೆ ನೋಡುತ್ತಾರೆ ಎಂಬುದು ನನಗೆ ಗೊತ್ತು. ಮಂಡಿಪೇಟೆಯ ಅಂಗಡಿಯಾತ ಮೊದಲು ನನ್ನನ್ನು ನೋಡಿದ, ಆಮೇಲೆ ನನ್ನ ಹಿಂದೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ ನನ್ನ ಗಂಡನನ್ನು ನೋಡಿದ, ಕೊನೆಗೆ ದನಿ ತಗ್ಗಿಸಿ ಅವರನ್ನೇ ಕೇಳಿದ: "ಸರ್, ಮನ್ಯಾಗೆ ಎಲ್ಲಾ ಆರಾಮ ಐತಲ್ರಿ?"

ಆರಾಮ ಇರಲಿಲ್ಲ. ಹರಿಹರದಲ್ಲಿ ನನ್ನ ಗಂಡನದು ಸಿಮೆಂಟಿನ ಅಂಗಡಿ. ಗುರಿ ಮುಟ್ಟಿದ ಡೀಲರುಗಳನ್ನು ಹೆಂಡತಿ ಸಮೇತ ಹಡಗಿನಲ್ಲಿ ಕೂರಿಸಿ ನಾರ್ವೆ ದೇಶದ ಕಡಲು ತೋರಿಸುತ್ತೇವೆ ಎಂದು ಕಂಪನಿಯವರು ಹೇಳಿದ್ದರು. ಹಿಂದಿನ ಸಲ ಗುರಿ ಮುಟ್ಟಿದಾಗ ಕೊಟ್ಟದ್ದು ಗೋಡೆ ಗಡಿಯಾರ, ಹಾಗಾಗಿ ಇವರು ನಂಬಿರಲಿಲ್ಲ. ಟಿಕೆಟ್ ಬಂದ ಮೇಲೆ ನಂಬಿದರು. ಅದರ ಹಿಂದೆಯೇ ಫೋನಿಗೆ ಬಂದ ಸಾಮಾನಿನ ಪಟ್ಟಿ ನೋಡಿ ಕುಸಿದು ಕೂತರು.

ಮೈಗೆ ಅಂಟಿಕೊಳ್ಳುವ ಥರ್ಮಲ್, ಅದರ ಮೇಲೆ ಸ್ವೆಟರು, ಅದರ ಮೇಲೆ ಗಾಳಿ, ನೀರು ಎರಡನ್ನೂ ತಡೆಯುವ ದಪ್ಪ ಕೋಟು. ಕಿವಿ ಮುಚ್ಚುವ ಟೋಪಿ, ಕೈಗವಸು, ಜಾರದ ಬೂಟು. ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ತರಬೇಡಿ. ಹತ್ತಿ ಗಿರಣಿಗಳಿಂದ ಹೆಸರಾದ ಊರಿನವರಿಗೆ ಇಂಥ ಮಾತು ಹೇಳುತ್ತಾರಲ್ಲ ಎಂದು ನನಗೆ ಸಿಟ್ಟೇ ಬಂತು. ಪಟ್ಟಿಯ ಕೊನೆಯಲ್ಲಿ, ಹಡಗಿನ ಬಿಸಿನೀರಿನ ಕೊಳಕ್ಕಾಗಿ ಒಂದು ಜೊತೆ ಈಜುಡುಗೆ ಎಂದಿತ್ತು.

"ಕೈಗೆ ಚೀಲ ಹಾಕ್ಕಂಡು ಈಜಬೇಕೇನು?" ಎಂದರು ಇವರು.

ವಿದ್ಯಾನಗರದ ಕಾಲೇಜೊಂದರ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು ನಾನು. ಪಟ್ಟಿ ಕೊಟ್ಟರೆ ಗುರುತು ಹಾಕದೆ ಬಿಡುವವಳಲ್ಲ. ಈಜುಡುಗೆಯೊಂದಕ್ಕೆ ಗೀಟು ಎಳೆದು, ಉಳಿದದ್ದನ್ನೆಲ್ಲ ಒಂದೊಂದಾಗಿ ಹೊಂದಿಸಿದೆ. ಇವರಿಗೆ ಮೈದುನನ ಕೋಟು ಆಯಿತು. ನನಗೆ ಮಾತ್ರ ಕೋಟು ಸಿಗಲಿಲ್ಲ. ನಮ್ಮ ಕಡೆ ಅಂಥ ಕೋಟನ್ನು ಯಾರೂ ಕೊಳ್ಳುವುದಿಲ್ಲ, ಕೇದಾರಕ್ಕೆ ಹೋಗಿ ಬಂದವರ ಹತ್ತಿರ ಕೇಳಿ ತರುತ್ತಾರೆ. ಹಾಗೆ ಕೇಳುತ್ತ ಹೋದರೆ ಎಲ್ಲ ದಾರಿಯೂ ಶಾಮನೂರಿನ ದೊಡ್ಡಮ್ಮನ ಮನೆಗೇ ಹೋಗಿ ಮುಟ್ಟುತ್ತಿತ್ತು.

ದೊಡ್ಡಮ್ಮ ನನ್ನ ತಾಯಿಗೆ ದೂರದ ಅಕ್ಕ. ಎಪ್ಪತ್ತು ದಾಟಿದೆ, ಒಬ್ಬಳೇ ಇದ್ದಾಳೆ, ನಾಲಿಗೆ ಮಾತ್ರ ಇನ್ನೂ ಮೂವತ್ತರದು. ಅವಳ ಟ್ರಂಕಿನಲ್ಲಿ ಮಾವಿನ ಹಣ್ಣಿನ ಬಣ್ಣದ ಒಂದು ಕೋಟು ಇತ್ತು, ಗಾದಿಗೆ ತೋಳು ಹೊಲಿದ ಹಾಗೆ. ಹದಿನೆಂಟು ವರ್ಷದ ಹಿಂದೆ ದಂಪತಿ ಕೇದಾರಕ್ಕೆ ಹೊರಟಾಗ ದೊಡ್ಡಪ್ಪ ಅದನ್ನು ಅವಳಿಗೆಂದು ಹುಬ್ಬಳ್ಳಿಯಿಂದ ತಂದಿದ್ದರು. ಹೊರಡುವ ವಾರವೇ ಅವರಿಗೆ ಲಕ್ವ ಹೊಡೆಯಿತು. ಆರು ವರ್ಷ ಮಲಗಿದವರು ಮಲಗಿದಲ್ಲೇ ಹೋದರು. ದೊಡ್ಡಮ್ಮ ಊರು ಬಿಡಲಿಲ್ಲ, ಕೋಟು ಬಿಟ್ಟಿತು. ಕೇದಾರಕ್ಕೆ ಹೋಗುವವರು ಬಂದು ಕೇಳುತ್ತಿದ್ದರು, ಇವಳು ಕೊಡುತ್ತಿದ್ದಳು. ಹಾಗೆ ಅದು ಒಂಬತ್ತು ಸಲ ಕೇದಾರ ನೋಡಿ ಬಂದಿತ್ತು. ತಿರುಗಿ ಕೊಡುವವರು ಅದರ ಜೇಬಿನಲ್ಲಿ ಅಲ್ಲಿನ ವಿಭೂತಿಯ ಪೊಟ್ಟಣ ಇಟ್ಟು ಕೊಡುವುದು ರೂಢಿ. ಕೋಟು ಬಂದಾಗ ಓಣಿಯ ಹೆಂಗಸರು ಅದರ ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಅಂಥ ಕೋಟನ್ನು ನಾನು ಹಡಗಿಗೆ ಕೇಳಲು ಹೋಗಿದ್ದೆ.

"ಆ ಹಡಗಿನಾಗೆ ಗುಡಿ ಐತೇನು?" ಎಂದು ಕೇಳಿದಳು ದೊಡ್ಡಮ್ಮ.

"ಇಲ್ಲ."

"ಮತ್ತೆ ಯಾಕ ಹೋಗ್ತೀರಿ?"

"ನೋಡಾಕೆ, ದೊಡ್ಡಮ್ಮ. ನೀರು, ಗುಡ್ಡ, ಹಿಮ."

"ಹಿಮ ಐತಾ?" ಎಂದಳು. ಆಮೇಲೆ ಎದ್ದು ಟ್ರಂಕು ತೆಗೆದಳು. "ಅಲ್ಲಿ ಕಂಡದ್ದೆಲ್ಲಾ ತಿಂತಾರಂತೆ. ನನ್ನ ಕೋಟಿಗೆ ಏನೂ ಚೆಲ್ಲಬ್ಯಾಡ."

ಹಾಕಿಕೊಂಡು ನೋಡಿದೆ. ತೋಳು ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆಯೇ ನಿಂತಿತು. ಕೈಗವಸು ಇದೆಯಲ್ಲ, ನಡೆಯುತ್ತದೆ ಎಂದರು ಇವರು. ಆದರೆ ಚಳಿ ತಡೆಯುತ್ತದೋ ಇಲ್ಲವೋ ಎಂದು ಶಾಮನೂರಿನ ಬಿಸಿಲಿನಲ್ಲಿ ನಿಂತು ಹೇಗೆ ಹೇಳುವುದು? ಅದಕ್ಕೂ ಇವರೇ ದಾರಿ ಹುಡುಕಿದರು. ಮೈದುನ ಒಣ ಮೆಣಸಿನಕಾಯಿ ವ್ಯಾಪಾರಿ. ಅವನ ಮೂಟೆಗಳು ಹರಿಹರದ ಹೊರಗಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿದ್ದವು. ಅಲ್ಲಿ ಹೋಗಿ ಅರ್ಧ ಗಂಟೆ ನಿಂತರೆ ನಾರ್ವೆ ಗೊತ್ತಾಗುತ್ತದೆ ಎಂದು ತೀರ್ಮಾನವಾಯಿತು.

"ನಾನೂ ಬರ್ತೀನಿ," ಎಂದಳು ದೊಡ್ಡಮ್ಮ. "ಅದು ಕೇದಾರ ಬಿಟ್ಟು ಬ್ಯಾರೆ ಕಡೆ ಹೋಗಿಲ್ಲ."

ಮರುದಿನ ಮಧ್ಯಾಹ್ನ ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಕಾರಿನಿಂದ ಇಳಿದಾಗ ನನ್ನ ಮೈಮೇಲೆ ಪಟ್ಟಿಯ ಪ್ರಕಾರ ಎಲ್ಲವೂ ಇತ್ತು. ಬನಿಯನ್ ಹಾಕಿ, ತಲೆಗೆ ಟವೆಲ್ ಸುತ್ತಿಕೊಂಡಿದ್ದ ಹಮಾಲರು ಮೂಟೆ ಇಳಿಸಿ ನನ್ನನ್ನೇ ನೋಡುತ್ತ ನಿಂತರು. ಬಾಗಿಲಿಗೆ ನಲವತ್ತು ಹೆಜ್ಜೆ. ಅಷ್ಟರಲ್ಲೇ ಥರ್ಮಲ್ ಬೆವರಿನಿಂದ ತೊಯ್ದು, ಒಳಗೆ ಹೋದ ಮೇಲೆ ಆ ಬೆವರೇ ತಣ್ಣಗೆ ಬೆನ್ನಿಗೆ ಹತ್ತಿತು. ಬೆಚ್ಚಗಿನ ಬಟ್ಟೆಯನ್ನು ಚಳಿ ಬಂದ ಮೇಲೆ ಹಾಕಿಕೊಳ್ಳಬೇಕು, ಮನೆಯಿಂದಲೇ ಹಾಕಿಕೊಂಡು ಹೊರಡಬಾರದು ಎಂಬುದನ್ನು ಆ ಪಟ್ಟಿಯಲ್ಲಿ ಯಾರೂ ಬರೆದಿರಲಿಲ್ಲ. ಅದರ ಮೇಲೆ ಮೆಣಸಿನಕಾಯಿ ಘಾಟು. ನಾನು ಒಂದೇ ಸಮನೆ ಹನ್ನೊಂದು ಸೀನು ಸೀನಿದೆ. ಇವರು ಗಡಿಯಾರ ಹಿಡಿದು, "ನಾಲ್ಕೇ ನಿಮಿಷ ಆಗೈತೆ, ನಿಲ್ಲು," ಎಂದು ಬಾಗಿಲ ಆಚೆಯಿಂದ ಧೈರ್ಯ ಹೇಳುತ್ತಿದ್ದರು.

ಆಗ ನೋಡಿದೆ, ದೊಡ್ಡಮ್ಮ ನನ್ನ ಹಿಂದೆಯೇ ಒಳಗೆ ಬಂದು ನಿಂತಿದ್ದಳು, ನೂಲಿನ ಸೀರೆಯಲ್ಲಿ. ಹಲ್ಲು ಕಟಕಟ ಎನ್ನುತ್ತಿದ್ದವು. ಹೊರಗೆ ಹೋಗು ಎಂದರೆ ಕೇಳಲಿಲ್ಲ. ನಾನು ಬೈಯುತ್ತಲೇ ಕೋಟು ಬಿಚ್ಚಿ ಅವಳಿಗೆ ತೊಡಿಸಿ, ಜಿಪ್ಪನ್ನು ಗಂಟಲವರೆಗೂ ಎಳೆದೆ.

ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತು. ಹೆಗಲು ಹೆಗಲ ಮೇಲೆ ಕೂತಿತು. ಒಂಬತ್ತು ಜನ ಅದನ್ನು ಹಾಕಿಕೊಂಡು ಹೋಗಿ ಬಂದಿದ್ದರು. ಒಬ್ಬರಿಗೆ ಗಿಡ್ಡ, ಒಬ್ಬರಿಗೆ ಬಿಗಿ ಎಂದು ನಕ್ಕಿದ್ದೆವೇ ಹೊರತು, ಅದು ಯಾರ ಅಳತೆಯ ಕೋಟು ಎಂದು ಯಾರೂ ಯೋಚಿಸಿರಲಿಲ್ಲ.

ದೊಡ್ಡಮ್ಮ ಎರಡೂ ಕೈ ಜೇಬಿಗೆ ಹಾಕಿದಳು. "ಬೆಚ್ಚಗೈತೆ," ಎಂದಳು. ಆಮೇಲೆ, "ಇವತ್ತೇ ನೋಡು ಹಾಕ್ಕಂಡಿದ್ದು. ನಮ್ಮೂರಾಗೆ ಯಾವಾಗ ಹಾಕ್ಕಳ್ಳಾದು ಇದನ್ನ?"

"ಹೋಗೋರ ಜೊತಿಗೆ ನೀನೂ ಹೋಗಬೇಕಿತ್ತು."

"ಕೋಟು ಐತೇನು ಅಂತ ಬರ್ತಿದ್ರು. ನೀನೂ ಬರ್ತೀಯೇನು ಅಂತ ಯಾರು ಕೇಳಿದ್ರು?"

ನಾನೂ ಅದನ್ನೇ ಮಾಡಿದ್ದೆ. ಅವಳ ಮನೆಯ ಚಾಪೆಯ ಮೇಲೆ ಕೂತು, ಅವಳ ಮಂಡಕ್ಕಿ ತಿಂದು, ಕೋಟು ಕೇಳಿದ್ದೆ. ನನಗೆ ನಾಚಿಕೆಯಾಯಿತು. ಕಣ್ಣಲ್ಲಿ ನೀರೂ ಬಂತು, ಅದನ್ನು ಮೆಣಸಿನಕಾಯಿಯ ತಲೆಗೆ ಕಟ್ಟಿದೆ.

ದೊಡ್ಡಮ್ಮ ಅರ್ಧ ಗಂಟೆ ಪೂರ್ತಿ ನಿಂತಳು. ನಾನು ಬರೀ ಸ್ವೆಟರಿನಲ್ಲಿ ನಡುಗುತ್ತ ಪಕ್ಕದಲ್ಲಿ ನಿಂತೆ. ಹೊರಗೆ ಬಂದ ಮೇಲೂ ಅವಳು ಕೋಟು ಬಿಚ್ಚಲಿಲ್ಲ. ಕಾರಿನಲ್ಲಿ ಅವಳ ಹಣೆಯಿಂದ ಬೆವರು ಇಳಿದು ವಿಭೂತಿ ಅಳಿಸಿ ಹೋಯಿತು.

"ಬಿಚ್ಚು ದೊಡ್ಡಮ್ಮ, ಬೆಂದು ಹೋಗ್ತೀಯ."

"ಬೇಯ್ಲಿ ಬಿಡು."

ಶಾಮನೂರಿನಲ್ಲಿ ಹಾಗೆಯೇ ಇಳಿದು ಮನೆಯೊಳಗೆ ಹೋದಳು. "ಕೋಟು?" ಎಂದು ಇವರು ಬಾಯಿ ತೆರೆದರು. ನಾನು ಮೊಣಕೈಯಿಂದ ತಿವಿದೆ.

ಹೀಗಾಗಿ ನಾನು ನಾರ್ವೆ ನೋಡಿದ್ದು ಎರಡು ಸ್ವೆಟರಿನ ಮೇಲೆ, ಸಿಮೆಂಟ್ ಕಂಪನಿ ಡೀಲರುಗಳಿಗೆ ಹಿಂದೊಮ್ಮೆ ಹಂಚಿದ್ದ ಹಳದಿ ರೇನ್‌ಕೋಟು ಹಾಕಿಕೊಂಡು. ಬೆನ್ನ ಮೇಲೆ ಕಂಪನಿಯ ಹೆಸರು ಎರಡು ಗೇಣು ಅಗಲಕ್ಕೆ ಇತ್ತು. ಗಾಳಿ ಒಳಗೆ ನುಗ್ಗಿದರೆ ನಾನು ಬಾಣಲೆಯ ಪೂರಿಯ ಹಾಗೆ ಉಬ್ಬುತ್ತಿದ್ದೆ. ಕಂಪನಿಯ ಸಾಹೇಬರು ಮಾತ್ರ ನನ್ನನ್ನು ಕಟಕಟೆಯ ಹತ್ತಿರ ನಿಲ್ಲಿಸಿ, ಹಿಮದ ಗುಡ್ಡದ ಕಡೆ ಮುಖ ಮಾಡಿಸಿ, ಬೆನ್ನಿನ ಫೋಟೊ ಹೊಡೆದದ್ದೇ ಹೊಡೆದದ್ದು. ಕಂಪನಿಯ ಮೇಲೆ ಇಷ್ಟು ಅಭಿಮಾನದ ಹೆಣ್ಣುಮಗಳನ್ನು ಅವರು ನೋಡಿರಲಿಲ್ಲವಂತೆ. ಗುಡ್ಡಗಳು ಚೆನ್ನಾಗಿದ್ದವು. ಆದರೆ ಹಿಮ ಕಂಡಾಗಲೆಲ್ಲ ನನಗೆ "ಹಿಮ ಐತಾ?" ಎಂದ ದನಿ ನೆನಪಾಗುತ್ತಿತ್ತು. ವಾಪಸ್ ಹೋದ ಕೂಡಲೇ, ಈ ಸಲ ಕೇದಾರಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಬೇಕು ಅಂದುಕೊಂಡೆ.

ಊರಿಗೆ ಬಂದ ಎರಡನೇ ದಿನ, ಹಡಗಿನ ಕೋಣೆಯಲ್ಲಿ ದಿನಾ ಇಡುತ್ತಿದ್ದ ಪುಟ್ಟ ಸೋಪುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಶಾಮನೂರಿಗೆ ಹೋದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಹೊರಗೆ ಬಂದರು, ಮುಖ ಸಿಂಡರಿಸಿಕೊಂಡೇ.

"ಕೇದಾರಕ್ಕೆ ಹೋಗ್ಯಾರ್ರಿ, ನಾಕು ದಿನಾತು. ನಮ್ಮ ಓಣಿಯೋರ ಜೊತಿಗೆ. ಮೊಣಕಾಲು ನೋವಲ್ರಿ, ಡೋಲಿ ಮಾಡಿಸ್ಕಂತಾರಂತೆ. ನಮ್ಮ ನಾದಿನಿಗೆ ಕೋಟು ಕೇಳಾಕೆ ಹೋದ್ರೆ, ನನ್ನ ಕೋಟು ನನಗೆ ಬೇಕು ಅಂದ್ಬಿಟ್ರು. ಪಾಪ, ಅವಳು ಶಾಲು ಹೊದ್ಕಂಡು ಹೋಗ್ಯಾಳ. ಇಷ್ಟು ವರ್ಷ ಒಬ್ಬರಿಗೂ ಇಲ್ಲ ಅಂದೋರಲ್ಲ. ಅದ್ಯಾರು ಅವರ ತಲೆ ಕೆಡಿಸಿದ್ರೋ!"

"ನಾನೇ," ಎಂದೆ. ಆಫೀಸಿನಲ್ಲಾಗಲಿ ಮನೆಯಲ್ಲಾಗಲಿ ಅಷ್ಟು ಖುಷಿಯಿಂದ ನಾನು ಯಾವ ತಪ್ಪನ್ನೂ ಒಪ್ಪಿಕೊಂಡವಳಲ್ಲ. ಸೋಪಿನ ಚೀಲವನ್ನು ಆಕೆಯ ಕೈಗೇ ಕೊಟ್ಟು ಬಂದೆ.