ತೂತು ಹಿಗ್ಗಿಸಿದ ಹುಸೇನ್ ಸಾಬರು

ಹುಸೇನ್ ಸಾಬರು ಬಿಸಿಯನ್ನು ಕಿವಿಯಿಂದ ಅಳೆಯುತ್ತಿದ್ದರು. ತರೀಕೆರೆಯ ತಮ್ಮ ಬೈಕ್ ಗ್ಯಾರೇಜಿನಲ್ಲಿ, ಕಾಯಿಸಿದ ಲೋಹಕ್ಕೆ ಬೆರಳಿನಿಂದ ಹನಿ ನೀರು ಚಿಮುಕಿಸಿ, ಕತ್ತು ಓರೆ ಮಾಡಿ ಆ ಚೊಯ್ ಸದ್ದನ್ನು ಆಲಿಸುವರು. ಸದ್ದು ಒಪ್ಪಿಗೆಯಾಗದಿದ್ದರೆ, "ಇನ್ನೂ ಕಾವು ಕೂತಿಲ್ಲ" ಎನ್ನುವರು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಅದೇ ಊರಿನ ಪಿಯು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದ ನನಗೆ ಇದೆಲ್ಲ ತಮಾಷೆಯಾಗಿ ಕಾಣುತ್ತಿತ್ತು.

ಆ ವರ್ಷ ಪರೀಕ್ಷೆಗೆ ವಾರವಿರುವಾಗ, ಅಜ್ಜಂಪುರದಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಕೇಳಿದಳು: ನಡುವೆ ತೂತಿರುವ ತಟ್ಟೆಯನ್ನು ಕಾಯಿಸಿದರೆ ತೂತು ಏನಾಗುತ್ತದೆ? ಲೋಹ ಹಿಗ್ಗಿ ಒಳಕ್ಕೆ ಒತ್ತುವುದರಿಂದ ತೂತು ಚಿಕ್ಕದಾಗುತ್ತದೆ ಎಂದುಬಿಟ್ಟೆ. ಯೋಚನೆಯಿಲ್ಲ, ಬರೀ ಗತ್ತು. ಇಡೀ ಕ್ಲಾಸು ಬರೆದುಕೊಂಡಿತು.

ಸಂಜೆ ಬೈಕಿನ ಹಿಂದಿನ ಚಕ್ರಕ್ಕೆ ಹೊಸ ಬೇರಿಂಗ್ ಹಾಕಿಸಲು ಸಾಬರಲ್ಲಿಗೆ ಹೋದೆ. ಚಕ್ರದ ನಡುವಿನ ತೂತಿಗೆ ಬೇರಿಂಗ್ ಇಳಿಯಲೊಲ್ಲದು. ಸಾಬರು ಸುತ್ತಿಗೆ ಮುಟ್ಟಲಿಲ್ಲ. ತೂತಿನ ಸುತ್ತ ಗ್ಯಾಸಿನ ಉರಿ ಹಿಡಿದರು. ಕಾಯಿಸಿದರೆ ಇನ್ನೂ ಬಿಗಿಯಾಗುತ್ತದೆಂದು ನಾನು ನಡುವೆ ಬಾಯಿ ಹಾಕಿದೆ. ಅವರು ಹನಿ ಹಾಕಿ ಆಲಿಸಿ, ಬೇರಿಂಗನ್ನು ತೂತಿನ ಮೇಲಿಟ್ಟು ಕೈಬಿಟ್ಟರು. ಅದು ತನ್ನ ಭಾರಕ್ಕೇ ಟಕ್ಕೆಂದು ಇಳಿದು ಕೂತಿತು. ನನ್ನ ಮೈ ಜುಮ್ಮೆಂದಿತು. ಇಷ್ಟು ವರ್ಷ ಸೂತ್ರ ಬರೆದಿದ್ದೆ, ಹಿಗ್ಗುವುದನ್ನು ಕಣ್ಣಾರೆ ಕಂಡಿದ್ದು ಅವತ್ತೇ.

"ತೂತಿನ ಅಂಚೂ ಲೋಹಾನೇ ಅಲ್ವಾ ಸಾರ್? ಆ ಸುತ್ತು ಉದ್ದ ಆದ್ರೆ ತೂತೂ ದೊಡ್ದಾಗ್ಲೇಬೇಕಲ್ಲ" ಎಂದರು.

ಕ್ಲಾಸಿನಲ್ಲಾದದ್ದನ್ನು ಹೇಳಿಕೊಂಡೆ. ಒಪ್ಪಿಕೊಂಡರೆ ಮಕ್ಕಳೆದುರು ಮರ್ಯಾದೆ ಹೋಗುತ್ತದೆ, ಸುಮ್ಮನಿದ್ದರೆ ಅವರ ಉತ್ತರ ತಪ್ಪಾಗುತ್ತದೆ. ಸಾಬರು ಕೈ ಒರೆಸಿಕೊಂಡು, "ನಾಳೇನೇ ಹೇಳ್ಬಿಡಿ. ತಣ್ಣಗಾಗಿ ಹಿಡ್ಕೊಂಡ್ಮೇಲೆ ಕೀಳೋದು ಬಲು ಕಷ್ಟ" ಎಂದರು.

ಅವರು ತೀರಿಕೊಂಡು ಎರಡು ವರ್ಷವಾಯಿತು. ನೆನೆದರೆ ಕಣ್ಣಮುಂದೆ ಬರುವುದು ಮರುದಿನದ ಆ ಕ್ಲಾಸು. ಒಬ್ಬನೇ ಹೇಳುವ ಧೈರ್ಯ ಸಾಲದೆ ಅವರನ್ನೇ ಕರೆದೊಯ್ದಿದ್ದೆ. ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಹಳೇ ಚಕ್ರವೊಂದನ್ನು ಮೇಜಿನ ಮೇಲಿಟ್ಟು ಕಾಯಿಸಿ, ಮತ್ತೊಮ್ಮೆ ಬೇರಿಂಗ್ ಇಳಿಸಿ ತೋರಿಸಿದರು. ನಿನ್ನೆ ನಾನು ಹೇಳಿದ್ದು ತಪ್ಪು, ಸರಿಯಾದದ್ದನ್ನು ನನಗೆ ಕಲಿಸಿದ ಮೇಷ್ಟ್ರು ಇವರು ಎಂದೆ. ಮಕ್ಕಳೆಲ್ಲ ಎದ್ದು ನಿಂತು, "ನಮಸ್ತೆ ಸಾರ್" ಎಂದರು.

ಯಾರೋ ದೊಡ್ಡವರು ಬಂದರೆಂದುಕೊಂಡು ಸಾಬರು ಸರಕ್ಕನೆ ಪಕ್ಕಕ್ಕೆ ಸರಿದು, ಬಾಗಿಲ ಕಡೆ ತಿರುಗಿ ಕೈಮುಗಿದು ನಿಂತರು.