ಗುಡ್ಡಕ್ಕೆ ಬೆನ್ನು ಮಾಡದವ

ಕೆಂಟಕಿಯ ಕಲ್ಲಿದ್ದಲು ಸೀಮೆಯ ಹೋಬರ್ಟ್ ಸ್ಟಿಲ್ಟ್ನರ್ ಗುಡ್ಡಕ್ಕೆ ಬೆನ್ನು ಮಾಡಿ ಕೂರುವ ಪೈಕಿಯವನಲ್ಲ. ಚರ್ಚಿನ ಊಟಕ್ಕೆ ಕರೆದರೂ ಗುಡ್ಡ ಕಾಣುವ ಕಿಟಕಿ ಯಾವ ಕಡೆಗಿದೆ ಎಂದು ನೋಡಿಯೇ ಕುರ್ಚಿ ಎಳೆದುಕೊಳ್ಳುವ ಆಸಾಮಿ. ಗಣಿಗೆ ಪರವಾನಗಿ ಕೊಡುವ ಮುನ್ನ ಇಳಿಜಾರು ನಿಂತೀತೇ, ಬಾವಿನೀರು ಕೆಟ್ಟೀತೇ ಎಂದು ಪರಿಶೀಲಿಸುವುದು ಅವನ ಸರ್ಕಾರಿ ಕೆಲಸ. ಕಂಪನಿಯ ಇಂಜಿನಿಯರು ಬಣ್ಣಬಣ್ಣದ ನಕ್ಷೆ ಹರಡಿ ಗಂಟಲು ಒಣಗುವಷ್ಟು ವಿವರಿಸಿದ ಮೇಲೆ ಇವನದು ಒಂದೇ ಪ್ರಶ್ನೆ: "ಎಲ್ಲಾ ಸರಿ ಕಣಯ್ಯಾ, ಮಳೆ ಬಂದ್ರೆ?" ತಟ್ಟೆಗೆ ಕಿವುಚಿದ ಆಲೂಗಡ್ಡೆ ಬಿದ್ದರೂ ಗುಡ್ಡ ಮಾಡಿ, ಮೇಲಿಂದ ಗ್ರೇವಿ ಸುರಿದು, ಯಾವ ಬದಿ ಜಾರೀತೆಂದು ಕಾಯುತ್ತಾನೆ. "ತಿನ್ನೋ ಮಾರಾಯಾ, ಅದಕ್ಕೂ ಪರ್ಮಿಟ್ ಬೇಕಾ?" ಎಂದು ನೆರೆಮನೆಯ ಆರ್ಲೀನಾ ಅಜ್ಜಿ ರೇಗಿಸುತ್ತಾಳೆ. ಗಣಿಯ ಕೆಳಗಿನ ಮನೆಗಳಿಗೆ ಹೋದಾಗ ಕಾಫಿ ಬೇಡ, ಬಾವಿನೀರು ಕೊಡಿ ಎನ್ನುತ್ತಾನೆ; ಬಾಯಲ್ಲಿ ಹೊರಳಾಡಿಸಿದ ನೀರಿಗೆ ಕಬ್ಬಿಣದ ರುಚಿ ಹತ್ತಿದರೆ ಕಂಪನಿಗೆ ಗ್ರಹಚಾರ ಕಾದಿದೆ ಎಂದೇ ಲೆಕ್ಕ. ಇಷ್ಟು ಅನುಮಾನದ ಮನುಷ್ಯ, ಅಜ್ಜಿಯ ಮನೆಯಿರುವ ಈ ಕಣಿವೆಯ ನೆತ್ತಿಯಲ್ಲಿ ಗಣಿಯಿಂದ ಅಗೆದು ತೆಗೆದ ಮಣ್ಣು ಸುರಿಯಲು ಒಪ್ಪಿಗೆ ಕೊಟ್ಟ ವರ್ಷವೇ ಪಟ್ಟಣದ ಮನೆ ಮಾರಿ, ಆ ಮಣ್ಣುಗುಡ್ಡದ ನೇರ ಕೆಳಗಿನ ಮನೆಯನ್ನು ಕೊಂಡ. ಯಾಕಪ್ಪಾ ಎಂದು ಅಜ್ಜಿ ಕೇಳಿದ್ದಕ್ಕೆ, "ರುಜು ಹಾಕ್ದೋನು ದೂರ ಕೂತ್ರೆ ಚೆಂದವಾ, ಅಜ್ಜಿ?" ಎಂದಿದ್ದ. ಈಗ ಮಳೆ ಹಿಡಿದರೆ, ಅವನು ಗುಡ್ಡದತ್ತ ನೋಡಿ ಹೆದರುತ್ತಾನೋ ಎಂದು ಕಣಿವೆಯವರ ಕಣ್ಣೆಲ್ಲ ಅವನ ಜಗಲಿಯ ಮೇಲೆ. ಅದು ಅವನಿಗೂ ಗೊತ್ತು. ಅದಕ್ಕೇ ಅಂಥ ದಿನ ಮಾತ್ರ ಕುರ್ಚಿ ತಿರುಗಿಸಿ, ಗುಡ್ಡಕ್ಕೆ ಬೆನ್ನು ಮಾಡಿ, ಕಾಫಿ ಹಿಡಿದು ಕೂರುತ್ತಾನೆ. ಅವನು ಹಾಗೆ ಕೂತದ್ದನ್ನು ಕಂಡು ಅಜ್ಜಿ ನೆಮ್ಮದಿಯಿಂದ ಒಲೆ ಹಚ್ಚುತ್ತಾಳೆ. ಅವನ ಕೈಯ ಕಾಫಿ ಮಾತ್ರ ಒಂದು ಗುಟುಕೂ ಇಳಿಯದೆ ಆರಿಹೋಗುತ್ತದೆ.